ಗಾಡಿ ನಿಲ್ಲಿಸಿದ್ದೇ ತಪ್ಪಾಯ್ತು

ಕೆಲವರು ಯಾವ ಊರಿಗೆ ಹೋದರೂ ಅಲ್ಲೊಬ್ಬ ದೂರದ ನೆಂಟ ಸಿಗುತ್ತಾನೆ. ಕೆಲವರಿಗೆ ಒಬ್ಬ ಒಳ್ಳೆಯ ಜ್ಯೋತಿಷಿ ಸಿಗುತ್ತಾನೆ. ನನಗೆ ಮಾತ್ರ ಹೋದಲ್ಲೆಲ್ಲ ಸಿಗುತ್ತಿದ್ದವನು ಪಾರ್ಕಿಂಗಿನವನು. ಅವನನ್ನು ನಾನು ಹುಡುಕಿಕೊಂಡು ಹೋದವನಲ್ಲ. ಗಾಡಿ ನಿಲ್ಲಿಸುತ್ತಿದ್ದೆ, ಅಷ್ಟೇ. ಉಳಿದದ್ದು ತಾನಾಗಿ ಆಗುತ್ತಿತ್ತು.

ತೊಂಬತ್ತರ ದಶಕದಲ್ಲಿ ವಿಮಾ ಕಂಪನಿಯವರು ನನ್ನನ್ನು ತುಮಕೂರಿನಿಂದ ಎತ್ತಿ ಸೂರತ್‌ಗೆ ಹಾಕಿದರು. ಅಲ್ಲಿಂದ ವಡೋದರಾ, ಅಲ್ಲಿಂದ ಅಹಮದಾಬಾದ್. ಜೊತೆಗೆ ಹೆಂಡತಿ, ಮಗಳು, ಮತ್ತು ಕರ್ನಾಟಕದ ನಂಬರ್ ಪ್ಲೇಟಿನ ಒಂದು ಹಳೇ ಕಾರು. ಆಗ ಆ ಊರುಗಳಲ್ಲೆಲ್ಲ ಶಾಪಿಂಗ್ ಕಾಂಪ್ಲೆಕ್ಸ್‌ಗಳು ಅಣಬೆಯ ಹಾಗೆ ಏಳುತ್ತಿದ್ದವು. ಒಂದೊಂದರ ಮುಂದಿನ ಅಂಗಳವನ್ನೂ ಕೆಳಗಿನ ಸೆಲ್ಲಾರನ್ನೂ ಯಾರೋ ಒಬ್ಬ ಗುತ್ತಿಗೆ ಹಿಡಿದು, ಒಬ್ಬನ ಕೈಗೆ ಸೀಟಿ, ಚೀಟಿ ಪುಸ್ತಕ ಮತ್ತು ಸರಪಳಿ ಕೊಟ್ಟು ನಿಲ್ಲಿಸಿಬಿಡುತ್ತಿದ್ದ. ಚೀಟಿ ಹರಿಸದೆ ನಿಲ್ಲಿಸಿದಿರೋ, ಹೊತ್ತು ಮೀರಿ ನಿಲ್ಲಿಸಿದಿರೋ, ಗಾಜಿಗೆ ಮೈದಾ ಅಂಟಿನಲ್ಲಿ ದಂಡದ ನೋಟಿಸ್ ಮೆತ್ತುತ್ತಿದ್ದರು. ಇಲ್ಲವೇ ಚಕ್ರಕ್ಕೆ ಬೀಗ. ಇವರು ಪೊಲೀಸರಲ್ಲ. ಪೊಲೀಸರಾದರೆ ಒಂದು ಕಾನೂನು ಅಂತಾದರೂ ಇರುತ್ತದೆ. ಇವರ ಬಳಿ ಇದ್ದದ್ದು ಗಂಟಲು ಮಾತ್ರ.

ಗಾಲಿ ಕೇಳಿ ಪಡೆದದ್ದು

ಸೂರತ್‌ಗೆ ಹೋದ ಹೊಸತು. ಸೀರೆ ಗೋದಾಮೊಂದಕ್ಕೆ ನೀರು ನುಗ್ಗಿತ್ತು. ವಿಮೆಯ ಲೆಕ್ಕಕ್ಕೆ ನಷ್ಟ ನೋಡಿ ಬರಲು ಬಟ್ಟೆ ಮಾರ್ಕೆಟ್ಟಿಗೆ ಹೋದೆ. ಕಾರನ್ನು ಅಂಗಳದಲ್ಲಿ ಎರಡು ಟೆಂಪೋಗಳ ನಡುವೆ ನಿಲ್ಲಿಸಿ, ನೆಂದ ಸೀರೆಗಳನ್ನೆಲ್ಲ ನೋಡಿ ಹೊರಗೆ ಬಂದರೆ ಮುಂದಿನ ಚಕ್ರಕ್ಕೆ ಎಮ್ಮೆ ಕಟ್ಟುವಂಥ ಸರಪಳಿ, ಅದಕ್ಕೊಂದು ಬೀಗ. ಪಕ್ಕದಲ್ಲಿ ಸೀರೆ ಮೂಟೆಯ ಮೇಲೆ ಒಬ್ಬ ದಪ್ಪನೆಯ ಆಸಾಮಿ ಅಡಿಕೆ ಜಗಿಯುತ್ತ ಕೂತಿದ್ದ. ಕೊರಳಲ್ಲಿ ಸೀಟಿ.

ನನ್ನ ಹಿಂದಿ ಎಂಥದ್ದು ಅಂದರೆ, ಶಾಲೆಯಲ್ಲಿ ಪರೀಕ್ಷೆ ಪಾಸಾಗಿತ್ತು. ಮಾತಾಡುವ ಪ್ರಸಂಗ ಬಂದಿರಲಿಲ್ಲ. ಗೊತ್ತಿಲ್ಲದ ಕಡೆ ಕನ್ನಡದ ಪದವನ್ನೇ ಹಾಕಿ, ಕೊನೆಗೊಂದು 'ಹೈ' ಸೇರಿಸಿದರೆ ಹಿಂದಿ ಆಗುತ್ತದೆ ಅಂತ ನಂಬಿದ್ದೆ. ಚಕ್ರಕ್ಕೆ ಹಿಂದಿಯಲ್ಲಿ ಏನನ್ನುತ್ತಾರೋ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ನಮ್ಮದೇ 'ಗಾಲಿ' ಬಾಯಿಗೆ ಬಂತು.

"ಮೇರಾ ಗಾಲಿ ಛೋಡೋ!" ಅಂದೆ ಜೋರಾಗಿ.

ಆತ ಜಗಿಯುವುದನ್ನು ನಿಲ್ಲಿಸಿದ. "ಸಾಹೇಬ್, ಮೈನೇ ಗಾಲಿ ಕಹಾಂ ದೀ?" ನಾನೆಲ್ಲಿ ಗಾಲಿ ಕೊಟ್ಟೆ, ಅಂದ.

"ನಹೀ ದಿಯಾ, ವಹೀ ತೋ! ಅಭೀ ದೋ!"

ಆತ ಸುತ್ತ ನೋಡಿದ. ಟೆಂಪೋ ಡ್ರೈವರುಗಳು ಇಳಿದು ಬಂದರು. ಮೂಟೆ ಹೊರುವವರು ಮೂಟೆ ಕೆಳಗಿಟ್ಟರು. ಹಿಂದಿಯಲ್ಲಿ ಗಾಲಿ ಅಂದರೆ ಬೈಗುಳ ಅನ್ನುವುದು ಅಲ್ಲಿದ್ದವರಲ್ಲಿ ನನ್ನೊಬ್ಬನಿಗೆ ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಸೂರತ್ ಎಂಥ ಊರು ಅನ್ನುವುದೂ ಅವರಿಗೆ ಗೊತ್ತಿತ್ತು. ಆ ಊರಿನಲ್ಲಿ ಅಣ್ಣತಮ್ಮಂದಿರು ಊಟಕ್ಕೆ ಕರೆಯುವಾಗಲೂ ಮುಂದೊಂದು ಬೈಗುಳ, ಹಿಂದೊಂದು ಬೈಗುಳ ಇರುತ್ತದೆ. ಬೈಗುಳ ಇಲ್ಲದೆ ಮಾತಾಡಿದರೆ ಏನೋ ಮುನಿಸಿಕೊಂಡಿದ್ದಾನೆ ಅಂದುಕೊಳ್ಳುತ್ತಾರೆ. ಆದರೆ ಹೊರಗಿನವನೊಬ್ಬ ಟೈ ಕಟ್ಟಿಕೊಂಡು ಬಂದು ಹಕ್ಕಿನಿಂದ ಕೇಳಿದ್ದು ಅದೇ ಮೊದಲು.

ಆತ ಪಾಪ, ಸಂಕೋಚದಿಂದಲೇ "ರೆಹನೇ ದೋ ಸಾಹೇಬ್, ಆಪ್ ಬಡೇ ಆದ್ಮಿ" ಅಂದ. ಬಿಡಿ, ನೀವು ದೊಡ್ಡವರು ಅಂತ.

ನನಗೆ ರೇಗಿತು. "ಬಡಾ ಛೋಟಾ ಕುಛ್ ನಹೀ! ಮೇರಾ ಚಾರ್ ಗಾಲಿ ಹೈ! ಚಾರೋಂ ಚಾಹಿಯೇ! ಲೇಕೇ ಹೀ ಜಾಯೇಗಾ!"

ಇಷ್ಟು ಕೇಳಿದ ಮೇಲೆ ಇಲ್ಲ ಅನ್ನುವುದು ಸೂರತ್‌ನವರ ಜಾಯಮಾನವಲ್ಲ. ಆತ ಮೂಟೆಯಿಂದ ಇಳಿದು, ಬಾಯಲ್ಲಿದ್ದ ಅಡಿಕೆ ಉಗಿದು, ಗಂಟಲು ಸರಿಮಾಡಿಕೊಂಡು, ನಾನು ಕೇಳಿದ್ದನ್ನು ಕೊಟ್ಟ. ಒಂದು ನನಗೆ, ಒಂದು ನನ್ನ ತಂದೆಗೆ, ಹೀಗೆ ಮನೆತನದ ಯಾರಿಗೂ ಕಡಿಮೆಯಾಗದ ಹಾಗೆ. ಕೇಳಿದ್ದು ನಾಲ್ಕು. ಆತ ಕೊಟ್ಟದ್ದು ಐದು.

ಐದನೆಯದು ಸ್ಟೆಪ್ನಿಗೆ ಇರಬೇಕು.

ಗಾಳಿ ಬಿಡಿಸುವವರು

ವಡೋದರಾದಲ್ಲಿ ಇದ್ದಾಗ ನಮ್ಮ ಅತ್ತೆ ತುಮಕೂರಿನಿಂದ ಬಂದರು. ಬಂದ ವಾರದಲ್ಲೇ ಅವರಿಗೆ ನನ್ನ ಮೇಲೆ ಅನುಮಾನ ಹುಟ್ಟಿತು. ನಾನು ಕ್ಲೈಮ್‌ಗಳ ಲೆಕ್ಕ ಹಾಕುತ್ತ ಒಬ್ಬನೇ ಗೊಣಗುತ್ತಿದ್ದೆ. ಬೆಲ್ಲ ಹಾಕಿದ ಗುಜರಾತಿ ದಾಲನ್ನು ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದೆ. ತುಮಕೂರಿನವನೊಬ್ಬ ಸಿಹಿ ಸಾರನ್ನು ಕೇಳಿ ಹಾಕಿಸಿಕೊಂಡರೆ ಅದು ಅವನ ಕೈಲಿ ಇಲ್ಲ, ಒಳಗೆ ಇನ್ಯಾರೋ ಇದ್ದಾರೆ ಅಂತ ಅತ್ತೆಯವರ ತೀರ್ಮಾನ.

ಆಗಲೇ ರಾವ್‌ಪುರಾದ ಒಂದು ಖಾಸಗಿ ಪಾರ್ಕಿಂಗ್‌ನಲ್ಲಿ ನನ್ನ ಕಾರಿಗೆ ನೋಟಿಸ್ ಬಿತ್ತು. ಮನೆಗೆ ತಂದು ಮಗಳ ಕೈಲಿ ಓದಿಸಿದೆ. ಇನ್ನೊಮ್ಮೆ ಇಲ್ಲಿ ಗಾಡಿ ನಿಲ್ಲಿಸಿದರೆ ಹವಾ ತೆಗೆಯಲಾಗುವುದು ಅಂತ ಇತ್ತು. ಗುಜರಾತಿನಲ್ಲಿ ಗೇಟು ಗೇಟಿಗೂ ಇದೇ ಬೆದರಿಕೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಗೆ ಹೇಳಿದೆ: "ರಾವ್‌ಪುರಾದಲ್ಲಿ ಒಬ್ಬ ಇದ್ದಾನಲ್ಲ, ಇನ್ನೊಂದ್ಸಲ ಹೋದ್ರೆ ಗಾಳಿ ಬಿಡಿಸ್ತಾನಂತೆ ಕಣೇ."

ಒಳಗೆ ಹುಣಸೆಹಣ್ಣು ಬಿಡಿಸುತ್ತಿದ್ದ ಅತ್ತೆಯವರ ಕೈ ನಿಂತಿತು.

ಭಾನುವಾರ ಬೆಳಿಗ್ಗೆ ಅತ್ತೆ, "ಅಳಿಯಂದಿರೇ, ರಾವ್‌ಪುರಾ ಕಡೆ ಹೋಗಿ ಬರೋಣ್ವಾ? ಒಂದು ಸೀರೆ ನೋಡ್ಬೇಕಿತ್ತು" ಅಂದರು. ಕೈಯಲ್ಲಿ ಒಂದು ಚೀಲ. ಚೀಲದಲ್ಲಿ ಏನು ಅಂತ ಕೇಳುವಷ್ಟು ಸಲಿಗೆ ಅತ್ತೆ ಅಳಿಯನ ನಡುವೆ ಇರುವುದಿಲ್ಲ. ಅದೇ ಪಾರ್ಕಿಂಗ್‌ನ ಮುಂದೆ ಕಾರು ನಿಲ್ಲಿಸಿ, "ನೀವು ಇಲ್ಲೇ ಕೂತಿರಿ, ಅಂಗಡಿ ತೆಗೆದಿದೆಯಾ ನೋಡಿ ಬರ್ತೀನಿ" ಅಂತ ಹೇಳಿ ಹೋದೆ.

ಅಂಗಡಿ ತೆಗೆದಿತ್ತು. ವಾಪಸ್ ಬರುವಷ್ಟರಲ್ಲಿ ಕಾರು ಗಿಡ್ಡವಾಗಿತ್ತು.

ನಡೆದದ್ದು ಇಷ್ಟು. ಪಾರ್ಕಿಂಗ್‌ನವನಿಗೆ ಉದ್ದ ಗಡ್ಡ, ಹಣೆಗೆ ಅಂಗೈಯಗಲದ ಕುಂಕುಮ, ಕೈಯಲ್ಲೊಂದು ಬೆತ್ತ. ಅತ್ತೆ ನೋಡಿದರು, ಇವನೇ ಅಂತ ಅವರಿಗೆ ಖಾತ್ರಿಯಾಯಿತು. ಕಾರಿನಿಂದ ಇಳಿದು ಕೈ ಮುಗಿದು, ಮೊಮ್ಮಗಳಿಂದ ಕಲಿತ ಒಂದೇ ಒಂದು ಪರಭಾಷೆಯ ಪದ ಬಳಸಿದರು. "ಹವಾ," ಅಂದರು. ನಾನು ಹೋದ ದಿಕ್ಕಿಗೆ ಕೈ ತೋರಿಸಿ, "ಅವರದ್ದು. ಹವಾ. ತೆಗೀಪ್ಪ" ಅಂದರು. ಆ ಮನುಷ್ಯ ಅಷ್ಟು ವರ್ಷ ಆ ಕೆಲಸ ಮಾಡಿದ್ದ. ಹವಾ ತೆಗೆದಾಗ ಬೈದವರಿದ್ದರು, ಹೊಡೆಯಲು ಬಂದವರಿದ್ದರು. ಕೈ ಮುಗಿದು ತೆಗಿ ಅಂದವರು ಯಾರೂ ಇರಲಿಲ್ಲ. "ಕಯು ಟಾಯರ್, ಬಾ?" ಯಾವ ಚಕ್ರ ತಾಯಿ, ಅಂತ ಕಾರಿನ ಸುತ್ತ ಬೆರಳು ತಿರುಗಿಸಿ ಕೇಳಿದನಂತೆ. ಅತ್ತೆಯವರಿಗೆ ಮಾತು ತಿಳಿಯದಿದ್ದರೂ ಬೆರಳು ತಿಳಿಯಿತು. ಪೂರ್ತಿ ಅಂತ ಅವರೂ ಕೈಯನ್ನು ದೊಡ್ಡದಾಗಿ ಸುತ್ತು ಹಾಕಿದರು.

ನಾನು ಓಡಿ ಬಂದಾಗ ಆತ ಕೊನೆಯ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಸ್ಸ್ಸ್ ಅಂತ ಶಬ್ದ ಬರುತ್ತಿತ್ತು. ಕಾರಿನ ಬಾನೆಟ್ಟಿನ ಮೇಲೆ ನಿಂಬೆಹಣ್ಣು, ಅರಿಶಿನ, ಒಡೆದ ತೆಂಗಿನಕಾಯಿ. ಅತ್ತೆ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದರು. "ಕೇಳಿಸ್ತಾ? ಹೋಗ್ತಾ ಇದೆ! ಅಬ್ಬಾ, ಎಷ್ಟೊಂದು ಇತ್ತು ನೋಡಿ!" ಅಂದರು.

ಆತ ತೆಂಗಿನಕಾಯಿಯ ಒಂದು ಹೋಳನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡು, ನನಗೆ ಕಾಲಲ್ಲಿ ತುಳಿಯುವ ಪಂಪನ್ನು ತಂದುಕೊಟ್ಟ. ಬಾಡಿಗೆ ಬೇಡ ಅಂದ. ಬಿಸಿಲಲ್ಲಿ ಒಂದೊಂದೇ ಚಕ್ರಕ್ಕೆ ತುಳಿದೆ. ಅಂಗಿ ಮೈಗೆ ಅಂಟಿತು, ಕಣ್ಣು ಕೆಂಪಾಯಿತು, ಬಾಯಿಂದ ಏನೇನೋ ಮಾತು ಬಂತು.

ಅತ್ತೆ ನೆರಳಲ್ಲಿ ಕೂತು ಸಮಾಧಾನದಿಂದ ನೋಡುತ್ತಿದ್ದರು. "ಪರವಾಗಿಲ್ಲ ಬಿಡಿ," ಅಂದರು. "ಗಾಳಿ ಬಿಟ್ಟ ಮೇಲೆ ಮೊದಲು ಸ್ವಲ್ಪ ಹೀಗೇ ಆಡೋದು."

ನೋಟಿಸ್ ಜಾರಿ

ಇದು ಚಿಕ್ಕದು. ವಡೋದರಾದ್ದೇ. ಒಂದು ಕಾಂಪ್ಲೆಕ್ಸ್‌ನ ಮುಂದೆ ನನ್ನ ಕಾರಿನ ಗಾಜಿಗೆ ದಂಡದ ನೋಟಿಸ್ ಮೆತ್ತಿದರು. ಅಂಟು ಇನ್ನೂ ಹಸಿ ಇತ್ತು. ಬೀದಿಯಲ್ಲಿ ಅಡ್ಡಾಡುತ್ತಿದ್ದ ಒಂದು ಹಸು ಬಂದು ಮೈದಾ ವಾಸನೆ ಹಿಡಿದು ಗಾಜನ್ನು ನೆಕ್ಕಿತು. ನೆಕ್ಕಿ, ನೋಟಿಸನ್ನು ಸುಲಿದು, ನಿಧಾನವಾಗಿ ತಿಂದಿತು. ನಾನು ಬಂದಾಗ ಕೊನೆಯ ಮೂಲೆ ಬಾಯಿಂದ ಹೊರಗಿತ್ತು.

ಪಾರ್ಕಿಂಗಿನವನು ದಂಡ ಕೇಳಿದ. ನನ್ನ ಜೊತೆಗಿದ್ದವರು ನಮ್ಮ ಮಹಡಿ ಮನೆಯ ಗುಜರಾತಿ ವಕೀಲರು. ಅವರು ಕೋರ್ಟಿನಲ್ಲೂ ಇಷ್ಟು ಹುರುಪಿನಿಂದ ವಾದಿಸಿರಲಾರರು. "ನೋಟಿಸ್ ನನ್ನ ಕಕ್ಷಿದಾರನಿಗೆ ಮುಟ್ಟಿಲ್ಲ. ಯಾರಿಗೆ ಮುಟ್ಟಿದೆ ಅನ್ನುವುದಕ್ಕೆ ನೀನೇ ಕಣ್ಣಾರೆ ಸಾಕ್ಷಿ. ಅವರ ಹತ್ತಿರ ವಸೂಲು ಮಾಡು," ಅಂದರು.

ಆತ ತಲೆ ಕೆರೆದುಕೊಂಡ. ಹಸುವಿನ ಮಾಲೀಕ ಯಾರು ಅಂತ ಆ ಬೀದಿಗೆಲ್ಲ ಗೊತ್ತಿತ್ತು. ನೇರವಾಗಿ ಅವನ ಮನೆಗೇ ಹೋಗಿ, ನಿನ್ನ ಹಸು ನಮ್ಮ ನೋಟಿಸ್ ಸ್ವೀಕರಿಸಿದೆ, ದಂಡ ತೆಗಿ ಅಂದನಂತೆ. ದನ ಕಾಯುವವರ ಕೈಯಲ್ಲಿರುವ ಕೋಲು ಎಷ್ಟು ಉದ್ದ ಇರುತ್ತದೆ ಅನ್ನುವುದು ನೋಡಿದವರಿಗೇ ಗೊತ್ತು. ಅಲ್ಲಿಗೆ ಆ ವಿಷಯ ಮುಗಿಯಿತು ಅಂದುಕೊಂಡೆ.

ಎರಡು ದಿನ ಬಿಟ್ಟು ಹಸುವಿನ ಮಾಲೀಕ ನನ್ನ ಕಚೇರಿಗೆ ಬಂದ. ಹಸು ವಿಮೆ ಮಾಡಿಸಿದ ಹಸು. ಕಾಗದ ತಿಂದು ಹೊಟ್ಟೆ ಕೆಟ್ಟಿದೆ, ಪರಿಹಾರ ಕೊಡಿ ಅಂದ. ಕಾಗದ ಯಾರ ಗಾಡಿಯದ್ದು ಅಂತ ವಿಚಾರಣೆ ಮಾಡಿ ವರದಿ ಕೊಡುವಂತೆ ಮ್ಯಾನೇಜರು ನನ್ನನ್ನೇ ನೇಮಿಸಿದರು.

ದುಭಾಷಿ

ಅಹಮದಾಬಾದಿಗೆ ಬರುವ ಹೊತ್ತಿಗೆ ನಮ್ಮ ಮಗಳು ಆರನೇ ಕ್ಲಾಸು. ಗುಜರಾತಿಯಲ್ಲಿ ಜಗಳ ಆಡುತ್ತಿದ್ದಳು, ಹಿಂದಿಯಲ್ಲಿ ಹಾಡುತ್ತಿದ್ದಳು, ಇಂಗ್ಲಿಷಿನಲ್ಲಿ ಸುಳ್ಳು ಹೇಳುತ್ತಿದ್ದಳು. ಕನ್ನಡ ಮಾತ್ರ ಅವಳ ಬಾಯಲ್ಲಿ ಕುಂಟುತ್ತಿತ್ತು. ಮನುಷ್ಯರು, ದನ, ಮೇಜು ಎಲ್ಲ ಅವಳಿಗೆ ನಪುಂಸಕ ಲಿಂಗ. "ಪಪ್ಪಾ ಬಂತು, ಮಮ್ಮಿ ಹೋಯ್ತು" ಅನ್ನುತ್ತಿದ್ದಳು.

ನಮ್ಮ ಮನೆ ಹತ್ತಿರದ ಕಾಂಪ್ಲೆಕ್ಸ್ ಒಂದರಲ್ಲಿ ಅವಳಿಗೆ ಶೂಸ್ ಕೊಡಿಸಲು ಹೋದೆವು. ಬರುವಷ್ಟರಲ್ಲಿ ನೋಟಿಸ್. ಪಾರ್ಕಿಂಗ್ ನೋಡಿಕೊಳ್ಳುತ್ತಿದ್ದವರು ನರೆತ ಮೀಸೆಯ ಒಬ್ಬ ಹಿರಿಯರು. ಅವರಿಗೆ ಗುಜರಾತಿ ಬಿಟ್ಟರೆ ಬೇರೆ ಬಾರದು. ನನಗೆ ಕೋಪ ಬಂದರೆ ಕನ್ನಡ ಬಿಟ್ಟರೆ ಬೇರೆ ಬಾರದು. ಮಗಳನ್ನು ನಡುವೆ ನಿಲ್ಲಿಸಿದೆ.

"ಇಲ್ಲಿ ಬೋರ್ಡೇ ಇಲ್ಲ, ಯಾವ ಲೆಕ್ಕದಲ್ಲಿ ದಂಡ ಅಂತ ಕೇಳು," ಅಂದೆ. ಅವಳು ಏನೋ ಕೇಳಿದಳು. ಅವರು ಬೋರ್ಡು, ಗೋಡೆ, ಸೊಸೈಟಿ, ಆಕಾಶ ಎಲ್ಲ ತೋರಿಸಿ ತುಂಬ ಹೊತ್ತು ಮಾತಾಡಿದರು.

"ಏನಂತೆ?"

"ಇದೆ ಅಂತೆ."

ಅಷ್ಟುದ್ದದ ಮಾತಿಗೆ ಇಷ್ಟೇನಾ ಅಂತ ನನಗೆ ಇನ್ನೂ ರೇಗಿತು. ನಾನು ಒಬ್ಬ ಅಧಿಕಾರಿ. ಈ ಕಾಂಪ್ಲೆಕ್ಸ್‌ನ ಬೆಂಕಿ ವಿಮೆಯ ಕಾಗದಕ್ಕೆ ಸಹಿ ಹಾಕಿದವನೇ ನಾನು. ಎದೆ ಉಬ್ಬಿಸಿ, "ನಾನು ಯಾರು ಅಂತ ಗೊತ್ತಾ ಇವರಿಗೆ? ಕೇಳು! ನಾನು ಯಾರು ಅಂತ ಗೊತ್ತಾ ಅಂತ ಕೇಳು!" ಅಂದೆ.

ಮಗಳು ತಿರುಗಿ ಮೆಲ್ಲಗೆ ಒಂದು ಮಾತು ಹೇಳಿದಳು. ಹಿರಿಯರ ಮುಖ ಇದ್ದಕ್ಕಿದ್ದಂತೆ ಮೆತ್ತಗಾಯಿತು. ಎದ್ದು ಬಂದು ನನ್ನ ಕೈ ಹಿಡಿದು ತಮ್ಮ ಸ್ಟೂಲಿನ ಮೇಲೆ ಕೂರಿಸಿದರು. ನೀರು ಕೊಟ್ಟರು. ಗಾಜಿಗೆ ಅಂಟಿಸಿದ್ದ ನೋಟಿಸನ್ನು ತಾವೇ ಉಗುರಿನಿಂದ ಕೆರೆದು ತೆಗೆದರು. ಅಧಿಕಾರ ಅಂದರೆ ಹೀಗಿರಬೇಕು ಅಂತ ನಾನು ಬೀಗಿದೆ. ಹೊರಡುವಾಗ ಅವರು ಮಗಳ ತಲೆ ಸವರಿ ಏನೋ ಕೇಳಿದರು, ಅವಳು ಇಲ್ಲ ಅಂತ ತಲೆಯಾಡಿಸಿದಳು.

ಕಾರಲ್ಲಿ ಕೇಳಿದೆ: "ನೋಡಿದ್ಯಾ? ನೀನು ಏನು ಹೇಳ್ದೆ ಅವರಿಗೆ?"

"ನೀವು ಹೇಳಿದ್ದೇ ಹೇಳ್ದೆ. ಪಪ್ಪಾ ತಾನು ಯಾರು ಅಂತ ಕೇಳ್ತಾ ಇದೆ, ನಿಮಗೆ ಗೊತ್ತಾ, ಅಂತ."

"ಕೊನೇಲಿ ಏನು ಕೇಳಿದ್ರು?"

"ಔಷಧಿ ಕೊಡ್ತಾ ಇದ್ದೀರಾ ಅಂತ."

ಮುಂದಿನ ವಾರ ಹೆಂಡತಿಯೊಂದಿಗೆ ಅದೇ ಕಡೆ ಹೋಗಬೇಕಾಯಿತು. ಅಷ್ಟರಲ್ಲಿ ಕಾಂಪ್ಲೆಕ್ಸ್‌ನವರಲ್ಲಿ ನನ್ನ ವಿಚಾರ ಕೇಳಿ ತಿಳಿದುಕೊಂಡಿದ್ದ ಆ ಹಿರಿಯರು ನನ್ನನ್ನು ಕಂಡದ್ದೇ ಓಡಿ ಬಂದರು. ಮಗುವಿಗೆ ಪಾಠ ಹೇಳುವ ಹಾಗೆ ಒಂದೊಂದೇ ಪದ ಬಿಡಿಸಿ, ದೊಡ್ಡ ದನಿಯಲ್ಲಿ, ಕೈ ತೋರಿಸಿ ತೋರಿಸಿ ಹೇಳಿದರು. "ಸಾಹೇಬ್, ತಾವು ವಿಮಾ ಆಫೀಸಿನವರು. ಇದು ನಿಮ್ಮ ಕಾರು. ಇವರು ನಿಮ್ಮ ಮನೆಯವರು. ಮರೀಬೇಡಿ."

ಹೆಂಡತಿಗೆ ಅಷ್ಟು ಗುಜರಾತಿ ಬರುತ್ತಿತ್ತು. "ಯಾರಾದ್ರೂ ಒಬ್ರು ದಿನಾ ಹೇಳ್ತಾ ಇರ್ಲಿ, ಒಳ್ಳೇದು," ಅಂದಳು.

ಲಾಭ

ನನ್ನ ಹೆಂಡತಿ ಅಹಮದಾಬಾದಿಗೆ ಬಂದ ಮೇಲೆ ಚೌಕಾಸಿಯಲ್ಲಿ ಪಳಗಿದಳು. ತರಕಾರಿಯವನ ಹತ್ತಿರ ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ ಪುಕ್ಕಟೆ ಹಾಕಿಸಿಕೊಳ್ಳುವುದು ಅಲ್ಲಿ ಎಲ್ಲರಿಗೂ ಬರುತ್ತದೆ. ಇವಳು ಶುಂಠಿಯನ್ನೂ ಹಾಕಿಸಿಕೊಳ್ಳುತ್ತಿದ್ದಳು.

ಒಂದು ಸಂಜೆ ದೊಡ್ಡ ರಸ್ತೆಯ ಹೊಸ ಕಾಂಪ್ಲೆಕ್ಸ್‌ನ ಸೆಲ್ಲಾರಿನಲ್ಲಿ ಕಾರಿಗೆ ನೋಟಿಸ್ ಬಿದ್ದಿತ್ತು. ನಾನು ಜೇಬಿಗೆ ಕೈ ಹಾಕಿದೆ. "ನೀವು ಸುಮ್ನಿರಿ" ಅಂತ ಅವಳು ನನ್ನನ್ನು ಪಕ್ಕಕ್ಕೆ ಸರಿಸಿದಳು. ಪಾರ್ಕಿಂಗ್‌ನ ಯುವಕ ಅಚ್ಚ ಅಮದಾವಾದಿ, ಅಂದರೆ ಅದೇ ಊರಿನವನು, ಚೌಕಾಸಿ ರಕ್ತದಲ್ಲೇ ಇದ್ದವನು. ಅವನ ಮುಖದಲ್ಲಿ ಒಂದು ಸಂತೋಷ ಮೂಡಿತು. ಜಟ್ಟಿಗೆ ಜಟ್ಟಿ ಸಿಕ್ಕಾಗ ಆಗುತ್ತದಲ್ಲ, ಆ ಸಂತೋಷ.

ಅವಳು ದಂಡ ಅರ್ಧಕ್ಕೆ ಇಳಿಸು ಅಂದಳು. ಅವನು ಎದೆ ಮುಟ್ಟಿಕೊಂಡು ನನಗೆ ಅಸಲೂ ಹುಟ್ಟಲ್ಲ ಬೆನ್ ಅಂದ. ಬೆನ್ ಅಂದರೆ ಅಕ್ಕ. ದಂಡಕ್ಕೆ ಅಸಲು ಎಲ್ಲಿಂದ ಬಂತು ಅಂತ ನಾನು ಕೇಳಿದ್ದನ್ನು ಇಬ್ಬರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವಳು ಹೊರಟ ಹಾಗೆ ಮಾಡಿದಳು. ಅವನು ಕರೆದ. ಅವನು ತಿರುಗಿ ಕೂತ. ಅವಳು ಬಂದಳು. ಕಡೆಗೆ ಅವನೊಂದು ಮಾತು ಹೇಳಿದ: "ಬೆನ್, ನೀವು ಅಕ್ಕನ ಹಾಗೆ. ನಿಮಗೆ ನಷ್ಟ ಆಗಬಾರದು. ದಂಡದ ಮೇಲೆ ಇಷ್ಟೇ ಇಷ್ಟು ಸೇರಿಸಿ ಮೂರು ತಿಂಗಳ ಪಾಸ್ ತಗೊಳ್ಳಿ, ದಂಡ ಪೂರಾ ಮಾಫ್!"

ಅವಳು ಗೆದ್ದ ಮುಖದಲ್ಲಿ ಪಾಸ್ ಹಿಡಿದುಕೊಂಡು ಬಂದಳು. ರಸ್ತೆಗೆ ಬಂದ ಮೇಲೆ ಕೇಳಿದೆ, "ಅಲ್ಲ ಕಣೇ, ಈ ಕಾಂಪ್ಲೆಕ್ಸ್‌ನಲ್ಲಿ ನಮಗೆ ಮೂರು ತಿಂಗಳು ಏನು ಕೆಲಸ?" ಅಲ್ಲಿ ಇದ್ದದ್ದು ಒಂದು ಟೈಲ್ಸ್ ಅಂಗಡಿ, ಕಿವುಡರ ಯಂತ್ರದ ಒಂದು ಅಂಗಡಿ, ಬಾಕಿ ಎಲ್ಲ ಖಾಲಿ. ಅವಳು ಪಾಸನ್ನು ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡಳು. "ದುಡ್ಡು ಕೊಟ್ಟಾಗಿದೆ. ಬಿಡಕ್ಕಾಗುತ್ತಾ?" ಅಂದಳು.

ಮರುದಿನದಿಂದ ಕಚೇರಿಯಿಂದ ಬಂದು ಕಾಫಿ ಕುಡಿದು ಮೂವರೂ ಕಾರು ಹತ್ತಿ ಆ ಸೆಲ್ಲಾರಿಗೆ ಹೋಗುತ್ತಿದ್ದೆವು. ಕಾರು ನಿಲ್ಲಿಸಿ, ಅದರ ಪಕ್ಕ ಜಮಖಾನ ಹಾಸಿ, ಒಗ್ಗರಣೆ ಅವಲಕ್ಕಿ ತಿಂದು, ಪಾಸಿನ ಆ ದಿನದ ಬೆಲೆ ಮುಟ್ಟಿತು ಅಂತ ಹೆಂಡತಿಗೆ ಅನ್ನಿಸಿದ ಮೇಲೆ ವಾಪಸ್. ಮೂರನೇ ದಿನ ನೋಡಿದರೆ ಆಚೆ ಕಂಬದ ಬಳಿ ಇನ್ನೊಂದು ಸಂಸಾರ ಚಾಪೆ ಹಾಸಿ ಮೆಂತ್ಯದ ರೊಟ್ಟಿ ಥೇಪ್ಲಾ ತಿನ್ನುತ್ತಿತ್ತು. ಆ ಕಡೆ ಮತ್ತೊಂದು. ಎಲ್ಲರ ಕೈಯಲ್ಲೂ ಪಾಸ್. ಎಲ್ಲರೂ ಅವನಿಗೆ ಅಕ್ಕಂದಿರೇ. ವಾರದಲ್ಲಿ ಪರಿಚಯವಾಯಿತು, ಅವಲಕ್ಕಿಗೂ ಥೇಪ್ಲಾಗೂ ವಿನಿಮಯವಾಯಿತು, ಹೆಂಗಸರು ಉಪ್ಪಿನಕಾಯಿ ಕಲಿತರು. ತಂಪಾದ ಜಾಗ, ಧೂಳಿಲ್ಲ. ನಿಜ ಹೇಳಬೇಕೆಂದರೆ ಅಹಮದಾಬಾದಿನಲ್ಲಿ ನಮಗೆ ಸಿಕ್ಕ ಒಳ್ಳೆಯ ಸ್ನೇಹಿತರೆಲ್ಲ ಆ ಸೆಲ್ಲಾರಿನವರೇ.

ಪಾಸಿನ ಅವಧಿ ಮುಗಿಯುತ್ತ ಬಂತು. ಇನ್ನು ಮನೆಯಲ್ಲೇ ಕಾಲು ಚಾಚಿ ಕೂರಬಹುದು ಅಂತ ನಾನು ನಿಟ್ಟುಸಿರು ಬಿಟ್ಟೆ. ಅವತ್ತೇ ನಮ್ಮ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿ ಬಾಗಿಲು ತಟ್ಟಿದರು. "ನಿಮ್ಮ ಪಾರ್ಕಿಂಗ್ ಜಾಗ ದಿನಾ ಸಂಜೆ ಖಾಲಿ ಇರುತ್ತೆ. ಹೊಸಬರಿಗೆ ಕೊಟ್ಟುಬಿಟ್ಟಿದ್ದೀವಿ," ಅಂದರು.

ಪಾಸ್ ನವೀಕರಿಸಿದೆವು.

ಮದುಮಗನ ಗಾಡಿ

ನಮ್ಮ ಕಚೇರಿಯ ಕ್ಯಾಷಿಯರು ಗದಗಿನವರು. ಅವರ ಮಗ ಅಹಮದಾಬಾದಿನಲ್ಲೇ ಹುಟ್ಟಿ ಬೆಳೆದವನು. ಜೊತೆಗೆ ಓದಿದ ಗುಜರಾತಿ ಹುಡುಗಿಯನ್ನು ಮೆಚ್ಚಿಕೊಂಡ. ಎರಡು ಕಡೆಯವರನ್ನೂ ಒಪ್ಪಿಸುವಷ್ಟರಲ್ಲಿ ಅವನ ಕೂದಲು ಅರ್ಧ ಉದುರಿತ್ತು. ಹುಡುಗಿಯ ತಾಯಿ ಕಡೆಯ ಗಳಿಗೆಯವರೆಗೂ, "ದಕ್ಷಿಣದವರು, ಅವರ ಪದ್ಧತಿ ಹೇಗೋ ಏನೋ" ಅನ್ನುತ್ತಲೇ ಇದ್ದರು. ಹಾಗಾಗಿ ಮದುವೆಯ ದಿನ ಒಂದೇ ಒಂದು ಎಡವಟ್ಟೂ ಆಗಬಾರದು ಅಂತ ಕ್ಯಾಷಿಯರು ನನ್ನ ಎರಡೂ ಕೈ ಹಿಡಿದುಕೊಂಡು ಹೇಳಿದ್ದರು. ಮದುಮಗನನ್ನು ಕರೆದೊಯ್ಯುವುದು ನನ್ನ ಕಾರಿನಲ್ಲಿ.

ಕಾರಿಗೆ ಚೆಂಡುಹೂವಿನ ಹಾರ ಹಾಕಿಸಿದೆ. ಮುಹೂರ್ತ ಬೆಳಗಿನದು. ದಾರಿಯಲ್ಲಿ ಒಂದು ಕಾಂಪ್ಲೆಕ್ಸ್‌ನ ಮೊದಲ ಮಹಡಿಯಲ್ಲಿ ಮದುಮಗನ ತಲೆಗೆ ಸಾಫಾ ಸುತ್ತಿಸಬೇಕಿತ್ತು. ಸಾಫಾ ಅಂದರೆ ಅಲ್ಲಿಯವರ ಮದುವೆ ಪೇಟ. ಅದು ಹುಡುಗಿಯ ಕಡೆಯವರ ಆಸೆ. ಅದರ ಮುಂದೆ ನಮ್ಮ ಬಾಸಿಂಗ ಕಟ್ಟುವುದು ಕ್ಯಾಷಿಯರ ಆಸೆ. ಎರಡೂ ಆಸೆ ಒಂದೇ ತಲೆಯ ಮೇಲೆ ನೆರವೇರಿಸಿ ಕೆಳಗಿಳಿದು ಬಂದರೆ, ಹೂವಿನ ಹಾರದ ಕಾರಿನ ಚಕ್ರಕ್ಕೆ ಕಬ್ಬಿಣದ ಸರಪಳಿ.

ಪಾರ್ಕಿಂಗಿನವನು ಇರಲಿಲ್ಲ. ವಾಚ್‌ಮನ್ ಇದ್ದ. "ದಂಡ ತಗೋ, ಬೀಗ ತೆಗಿ" ಅಂದೆ.

"ಬೀಗದ ಕೈ ಅವನ ಜೇಬಿನಲ್ಲಿದೆ ಸಾಹೇಬ್."

"ಅವನೆಲ್ಲಿ?"

"ಮದುವೆಗೆ ಹೋಗಿದ್ದಾನೆ."

ಕ್ಯಾಷಿಯರು ಅಲ್ಲೇ ಮೆಟ್ಟಿಲ ಮೇಲೆ ಕುಸಿದರು. "ಏನ್ ಮಾಡೂದ್ರೀ ಈಗ? ಮುಹೂರ್ತ ಮೀರಿದ್ರ ಬೀಗತಿ ನನ್ನ ಹಸೀದ ತಿಂತಾಳ್ರೀ!" ಅಂದರು. ಮದುವೆ ಸುಗ್ಗಿಯ ದಿನ, ಒಂದು ಆಟೋ ಖಾಲಿ ಬರಲೊಲ್ಲದು. ಬಂದ ಆಟೋಗಳ ಒಳಗೂ ಮದುಮಕ್ಕಳೇ ಇದ್ದರು. ಆಗ ಮೂಲೆ ತಿರುಗಿ ಒಂದು ಒಂಟೆಗಾಡಿ ಬಂತು. ಗಾಡಿಯ ತುಂಬ ಯಾವುದೋ ಮದುವೆಗೆ ಒಯ್ಯುತ್ತಿದ್ದ ಗಾದಿಗಳು. ಕೇಳಿದರೆ ನಾವು ಹೋಗಬೇಕಾದ ಪಾರ್ಟಿ ಪ್ಲಾಟಿಗೇ ಹೊರಟಿದೆ. ಅಲ್ಲೆಲ್ಲ ಮದುವೆ ನಡೆಯುವುದು ಛತ್ರದಲ್ಲಲ್ಲ, ಬಾಡಿಗೆಗೆ ಸಿಗುವ ಇಂಥ ಬಯಲುಗಳಲ್ಲಿ. ಕ್ಯಾಷಿಯರು ಒಂಟೆಯ ಮುಖ ನೋಡಿದರು. ಒಂಟೆ ಅವರನ್ನು ನೋಡಿ ತುಟಿ ಅಲ್ಲಾಡಿಸಿತು.

"ಹತ್ತೋ ತಮ್ಮಾ," ಅಂದರು ಮಗನಿಗೆ.

ಗಾದಿಗಳ ತುದಿಯ ಮೇಲೆ ಮದುಮಗ, ಕೆಳಗೆ ನಾವಿಬ್ಬರು. ಒಂಟೆಗೆ ಆತುರ ಅನ್ನುವುದಿಲ್ಲ. ಅದು ತನ್ನದೇ ಮದುವೆಗೆ ಹೊರಟ ಹಾಗೆ ತಲೆಯೆತ್ತಿ ನಡೆಯಿತು. ಸಿಗ್ನಲ್ಲಿನಲ್ಲಿ ನಿಂತಾಗ ಬಸ್ಸಿನವರೆಲ್ಲ ಕಿಟಕಿಯಿಂದ ಕೈ ಬೀಸಿದರು. ಕ್ಯಾಷಿಯರು ಮುಖಕ್ಕೆ ಉತ್ತರೀಯ ಮುಚ್ಚಿಕೊಂಡರು. ಮದುಮಗ ಮಾತ್ರ ಬೇರೆ ದಾರಿಯಿಲ್ಲದೆ ಎಲ್ಲರಿಗೂ ನಮಸ್ಕಾರ ಮಾಡುತ್ತ ಕೂತಿದ್ದ.

ಗೇಟಿನಲ್ಲಿ ಹುಡುಗಿಯ ಕಡೆಯವರೆಲ್ಲ ಆರತಿ ಹಿಡಿದು ನಿಂತಿದ್ದರು. ಒಂಟೆ ಕಂಡದ್ದೇ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಬೀಗತಿ ಮುಂದೆ ಬಂದರು. ಕ್ಯಾಷಿಯರು ಗಾಡಿಯಿಂದ ಇಳಿದು ಉತ್ತರೀಯ ಸರಿಮಾಡಿಕೊಂಡರು.

"ಇದು ನಿಮ್ಮ ಕರ್ನಾಟಕದ ಪದ್ಧತಿಯೇ?" ಅಂತ ಬೀಗತಿ ಹಿಂದಿಯಲ್ಲಿ ಕೇಳಿದರು.

ಗದಗಿನ ಕ್ಯಾಷಿಯರು ಒಂದು ಕ್ಷಣ ಕಣ್ಣು ಮುಚ್ಚಿ ತೆರೆದರು. "ಹೌದು," ಅಂದರು. "ದೊಡ್ಡ ಮನೆತನಗಳಲ್ಲಿ ಮಾತ್ರ."

ಬೀಗತಿಯ ಮುಖ ಅರಳಿತು. "ನಮ್ಮಲ್ಲಿ ಮದುಮಗನಿಗೆ ಬರೀ ಕುದುರೆ!" ಅಂತ ತಿರುಗಿ ತಮ್ಮ ಕಡೆಯವರಿಗೆಲ್ಲ ಹೇಳಿದರು. ಬ್ಯಾಂಡಿನವರು ಶುರು ಮಾಡಿದರು. ಹೆಂಗಸರು ಒಂಟೆಗೂ ಕುಂಕುಮ ಇಟ್ಟರು. ಒಳಗಿನಿಂದ ನಮ್ಮ ಪುರೋಹಿತರು "ಮುಹೂರ್ತ! ಮುಹೂರ್ತ!" ಅಂತ ಕೂಗುತ್ತಿದ್ದರು.

ಆಗ ಪ್ರೀ ಅಂತ ಸೀಟಿ ಕೇಳಿಸಿತು.

ಪಾರ್ಟಿ ಪ್ಲಾಟಿನ ಪಾರ್ಕಿಂಗೂ ಖಾಸಗಿ ಗುತ್ತಿಗೆ. ಗೇಟಿನವನು ಅಡ್ಡ ಕೈ ಹಿಡಿದು, "ಚೀಟಿ ಹರಿಸದೆ ಯಾವ ಗಾಡಿಯೂ ಒಳಗೆ ಹೋಗೋ ಹಾಗಿಲ್ಲ" ಅಂದ. ಅವನ ಹಿಂದೆ ಬೋರ್ಡು: ದ್ವಿಚಕ್ರ, ನಾಲ್ಕು ಚಕ್ರ, ಟ್ರಕ್. ಹುಡುಗಿಯ ಚಿಕ್ಕಪ್ಪ, ದೊಡ್ಡ ವ್ಯಾಪಾರಸ್ಥರು, ಮುಂದೆ ಬಂದು ಎರಡು ಚಕ್ರದ್ದು ಹರಿ ಅಂದರು. ಒಂಟೆಗಾಡಿಗೆ ಇರುವುದು ಎರಡೇ ಚಕ್ರ. ಗೇಟಿನವನು ಒಪ್ಪಲಿಲ್ಲ. ಸ್ಕೂಟರೂ ಇದೂ ಒಂದೇನಾ ಅಂದ. ಹಾಗಾದರೆ ನಾಲ್ಕು ಚಕ್ರದ್ದು ಹರಿದು ಸಾಯಿ ಅಂತ ನಾನು ಕೂಗಿದೆ. ಅವನು ಅದಕ್ಕೂ ಒಪ್ಪಲಿಲ್ಲ. ಚೀಟಿ ಪುಸ್ತಕ ಬಗಲಲ್ಲಿಟ್ಟುಕೊಂಡು ನಿಧಾನವಾಗಿ ಗಾಡಿಯ ಸುತ್ತ ನಡೆದು, ಬೆರಳು ಮಡಿಚಿ ಎಣಿಸಿದ.

"ಗಾಲಿ ಎರಡು. ಒಂಟೆಯ ಕಾಲು ನಾಲ್ಕು. ನೆಲ ಮುಟ್ಟೋದು ಒಟ್ಟು ಆರು," ಅಂದ. "ಟ್ರಕ್."

ಚಿಕ್ಕಪ್ಪನವರು ವ್ಯಾಪಾರಸ್ಥರಲ್ಲವೇ, ಲೆಕ್ಕ ಸರಿಯಾಗಿದೆ ಅಂತ ಅವರೇ ಒಪ್ಪಿ ದುಡ್ಡು ಕೊಟ್ಟರು. ಗೇಟಿನವನು ಚೀಟಿ ಹರಿದ. ನಿಯಮದ ಪ್ರಕಾರ ಚೀಟಿಯನ್ನು ವಾಹನದ ಮುಂಭಾಗಕ್ಕೆ ಕಾಣುವ ಹಾಗೆ ಹಚ್ಚಬೇಕು. ಒಂಟೆಯ ಮುಖದ ಹತ್ತಿರ ತಂದ. ಅದು ಹಲ್ಲು ತೋರಿಸಿತು. ಆಗಲೇ ಮದುಮಗ ಗಾದಿಯ ಮೇಲಿಂದ ಜಾರಿ ಅವನ ಎದುರಿಗೇ ಇಳಿದ. ಗೇಟಿನವನು ಜೇಬಿಂದ ಗುಂಡುಪಿನ್ನು ತೆಗೆದು, ಸಾಫಾದ ಮುಂದೆ, ಬಾಸಿಂಗದ ಪಕ್ಕಕ್ಕೆ ಚೀಟಿ ಚುಚ್ಚಿ, ಒಳಗೆ ಬಿಟ್ಟ.

ಗಡಿಬಿಡಿಯಲ್ಲಿ ಅದನ್ನು ಯಾರೂ ತೆಗೆಯಲಿಲ್ಲ. ಪುರೋಹಿತರು ಅದು ಗುಜರಾತಿ ಶಾಸ್ತ್ರ ಅಂದುಕೊಂಡು ಅದರ ಮೇಲೂ ಅಕ್ಷತೆ ಹಾಕಿದರು. ಗುಜರಾತಿನವರು ಕರ್ನಾಟಕದ ಶಾಸ್ತ್ರ ಅಂದುಕೊಂಡು ಕೈ ಮುಗಿದರು. ಅಂತರಪಟ ಸರಿಯಿತು. ಹುಡುಗಿ ಹಾರ ಎತ್ತಿ ಹಿಡಿದವಳು ಹಾಗೇ ನಿಂತಳು. ಅವಳ ಕಣ್ಣು ಅವನ ಹಣೆಯ ಮೇಲಿತ್ತು. ಗುಜರಾತಿ ಅಕ್ಷರ, ಅವಳಿಗೆ ಓದಲು ಎಷ್ಟು ಹೊತ್ತು?

'ಟ್ರಕ್. ಮಾಲೀಕರ ಸ್ವಂತ ಜವಾಬ್ದಾರಿಯ ಮೇಲೆ.'

ಪೂರ್ತಿ ಓದಿ, ಸ್ವಲ್ಪ ಯೋಚನೆ ಮಾಡಿ, ಹಾರ ಹಾಕಿದಳು.